‘ಸ್ಟ್ರೇಟ್’ ಎಂದರೆ ನೇರ



ಇಂಗ್ಲಿಷ್ ಪೂಜೆಗೂ ಹೋಗುವ ನಮ್ಮ ಮಕ್ಕಳು ಆಗಮನ ಕಾಲದಲ್ಲಿ ‘ಸ್ಟ್ರೇಟ್’ ಎಂಬ ಪದವನ್ನು ಕೇಳುತ್ತಾರೆ. ಗೆರೆಯ ಬಗ್ಗೆ ಹೇಳಿದರೆ ಅದು ನೇರ. ಬೆನ್ನಿನ ಬಗ್ಗೆ ಹೇಳಿದರೆ ನೆಟ್ಟಗೆ. ಮಾತಿನ ಬಗ್ಗೆ ಹೇಳಿದರೆ ಒಳಗೊಂದು ಹೊರಗೊಂದು ಇಲ್ಲದ್ದು. ಹಳೆಯ ಇಂಗ್ಲಿಷ್ ಬೈಬಲಿನ ಮತ್ತಾಯ 7:14ರಲ್ಲಿ ಇದೇ ಉಚ್ಚಾರಣೆಯ ಇನ್ನೊಂದು ಪದವಿದೆ. ಅದರ ಕಾಗುಣಿತ ಬೇರೆ, ಅರ್ಥವೂ ಬೇರೆ: ಇಕ್ಕಟ್ಟಾದದ್ದು. ಎರಡನ್ನೂ ಬೆರೆಸದಿರೋಣ.

ಡೊಂಕಾದದ್ದು ನೇರವಾಗಬೇಕೆಂಬ ಪ್ರವಾದಿ ಯೆಶಾಯನ ವಾಣಿಯನ್ನು ಲೂಕರು ಸ್ನಾನಿಕ ಯೊವಾನ್ನರ ಬೋಧನೆಗೆ ಅನ್ವಯಿಸುತ್ತಾರೆ (ಲೂಕ 3:4-5). ಹಾಗಾದರೆ ನಾವು ಮಾಡಬೇಕಾದದ್ದೇನು ಎಂದು ಜನ ಕೇಳಿದಾಗ ಯೊವಾನ್ನರ ಉತ್ತರ ಸರಳ: ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ, ಸಿಪಾಯಿ ಯಾರನ್ನೂ ಬೆದರಿಸಿ ಹಣ ಕೀಳದಿರಲಿ. ಇದು ನಮ್ಮ ಕೈಲಾಗುವ ಕೆಲಸ.

ಇದೇ ಪದ ಲೂಕ 13:10-13ರಲ್ಲೂ ಬರುತ್ತದೆ. 18 ವರ್ಷ ಬೆನ್ನು ಬಾಗಿದ್ದ ಆ ಹೆಂಗಸಿಗೆ ತಾನಾಗಿ ನೆಟ್ಟಗೆ ನಿಲ್ಲಲು ಆಗುತ್ತಲೇ ಇರಲಿಲ್ಲ. ಯೇಸುಸ್ವಾಮಿ ಕರೆದು, ಅವಳ ಮೇಲೆ ಕೈಯಿಟ್ಟರು, ಕೂಡಲೇ ನೆಟ್ಟಗಾದಳು.

ಎರಡನ್ನೂ ಒಟ್ಟಿಗೆ ಓದಿದರೆ ಪಾಠ ತಿಳಿಯುತ್ತದೆ. ತೂಕ, ಲೆಕ್ಕ, ಕೊಟ್ಟ ಮಾತು ಇವುಗಳನ್ನು ನಾವೇ ನೇರ ಮಾಡಿಕೊಳ್ಳಬೇಕು. ಎಷ್ಟು ಪ್ರಯತ್ನಿಸಿದರೂ ನೆಟ್ಟಗಾಗದ್ದನ್ನು ಪಾಪನಿವೇದನೆಯಲ್ಲಿ ಪ್ರಭುವಿನ ಮುಂದಿಡಬೇಕು. ಈ ವಾರ ಮನೆಯವರೆಲ್ಲ ಸೇರಿ ಲೂಕ 3:10-14 ಓದೋಣ. ನಮ್ಮ ಮನೆಯಲ್ಲಿ ಡೊಂಕಾಗಿರುವುದು ಯಾವುದು?