ಕಬ್ಬಿನ ಬೀಜ ಬೀಜವೇ? ಕೋಶ ವಿಭಜನೆ ಮತ್ತು ಅಲೈಂಗಿಕ ಸಂತಾನೋತ್ಪತ್ತಿ: ಒಂದು ಪಾಠಾನುಭವ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?
ಅವಧಿ: 40 ನಿಮಿಷಗಳ ಎರಡು ತರಗತಿಗಳು

ಹಿನ್ನೆಲೆ

ಪ್ರಾಯೋಗಿಕ ಬೋಧನೆಯ ಅವಧಿಯಲ್ಲಿ ಈ ಘಟಕವನ್ನು ನಾನು ಎರಡು ಬಾರಿ ಬೋಧಿಸಿದೆ. ಮೊದಲು ದಾವಣಗೆರೆ ನಗರದ ಒಂದು ಪ್ರೌಢಶಾಲೆಯಲ್ಲಿ, ನಂತರ ಹರಿಹರದ ಒಂದು ಪ್ರೌಢಶಾಲೆಯಲ್ಲಿ. ಮೊದಲ ಪಾಠದಲ್ಲಿ ನಾನು ಮಾಡಿದ ತಪ್ಪು ಎರಡನೆಯ ಪಾಠದ ಯೋಜನೆಯನ್ನು ಪೂರ್ತಿ ಬದಲಿಸಿತು. ಅದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲ ಪಾಠದಲ್ಲಿ ಆದದ್ದು

ಚಾರ್ಟ್ ಚೆನ್ನಾಗಿ ಬರೆದಿದ್ದೆ. ವಿದಳನ, ತುಂಡರಿಕೆ, ಪುನರುತ್ಪಾದನೆ, ಮೊಗ್ಗುವಿಕೆ, ಕಾಯಜ ಸಂತಾನೋತ್ಪತ್ತಿ, ಬೀಜಕಗಳ ಉತ್ಪಾದನೆ ಎಂದು ಆರೂ ವಿಧಾನಗಳನ್ನು ಮಕ್ಕಳು ಒಪ್ಪಿಸಿದರು. ಕೊನೆಯಲ್ಲಿ, 'ಕಬ್ಬಿನ ಬೆಳೆ ಯಾವ ವಿಧಾನದಿಂದ ಬರುತ್ತದೆ?' ಎಂದು ಕೇಳಿದೆ. ಬಹುಪಾಲು ಮಕ್ಕಳು 'ಲೈಂಗಿಕ' ಎಂದು ಬರೆದರು. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಕಬ್ಬಿಗೂ ಬೀಜನೇ ಹಾಕೋದು. ನಮ್ಮಪ್ಪ ಮೊನ್ನೆ ಒಂದು ಲೋಡ್ ಬೀಜ ತಂದಾನೆ" ಎಂದ. "ಅದು ಬೀಜ ಅಲ್ಲ, ಕಾಂಡದ ತುಂಡು" ಎಂದಷ್ಟೇ ಹೇಳಿ ಪಾಠ ಮುಗಿಸಿದೆ. ಹುಡುಗ ಸುಮ್ಮನೆ ಕುಳಿತ, ಆದರೆ ಅವನ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಆಮೇಲೆ ಯೋಚಿಸಿದಾಗ ಎರಡು ದೋಷಗಳು ಕಂಡವು. ಒಂದು, ಮಕ್ಕಳ ಮನೆಯ ಮಾತಿನಲ್ಲಿ ನಾಟಿಗೆ ಬಳಸುವುದೆಲ್ಲವೂ 'ಬೀಜ'. ಕಬ್ಬಿನ ಬೀಜ, ಶುಂಠಿ ಬೀಜ, ಆಲೂಗಡ್ಡೆ ಬೀಜ ಎನ್ನುತ್ತಾರೆ. ಪಠ್ಯದ 'ಬೀಜ' ಬೇರೆ ಎಂಬುದನ್ನು ನಾನು ತೋರಿಸಿರಲಿಲ್ಲ. ಎರಡು, ಕೋಶ ವಿಭಜನೆಯನ್ನು ಒಂದು ವ್ಯಾಖ್ಯೆಯಾಗಿ ಹೇಳಿ ಮುಂದೆ ಹೋಗಿದ್ದೆ. ಅದಕ್ಕೂ ಕಬ್ಬಿನ ಮೊಳಕೆಗೂ ಇರುವ ಸಂಬಂಧ ಮಕ್ಕಳಿಗೆ ತಲುಪಿರಲಿಲ್ಲ.

ಹರಿಹರದ ಪಾಠ

ತೊಡಗಿಸುವಿಕೆ: ಮೇಜಿನ ಮೇಲೆ ಎರಡು ಕಣ್ಣಿನ ಕಬ್ಬಿನ ತುಂಡು, ಮೊಳೆತ ಆಲೂಗಡ್ಡೆ, ಶುಂಠಿ, ನೆನೆಸಿದ ಅವರೆಕಾಳು, ನೆನೆಸಿದ ಮೆಕ್ಕೆಜೋಳ ಇಟ್ಟೆ. "ಇವುಗಳಲ್ಲಿ ಬೀಜ ಯಾವುವು?" ಎಂದು ಕೇಳಿದೆ. "ಎಲ್ಲವೂ" ಎಂಬ ಉತ್ತರ ಬಂತು. ಈ ಬಾರಿ ತಿದ್ದಲಿಲ್ಲ.

ಅನ್ವೇಷಣೆ: ಗುಂಪುಗಳಲ್ಲಿ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಪರೀಕ್ಷಿಸಲು ಹೇಳಿದೆ. ಇದು ಹೂ ಬಿಟ್ಟು, ಕಾಯಿ ಅಥವಾ ತೆನೆ ಕಟ್ಟಿ ಬಂದದ್ದೇ? ಬಿಡಿಸಿದರೆ ಒಳಗೆ ಪುಟ್ಟ ಭ್ರೂಣ ಇದೆಯೇ? ಅವರೆಕಾಳಿನ ಎರಡು ಬೇಳೆಗಳ ನಡುವೆ ಭ್ರೂಣದ ಅಕ್ಷವನ್ನು ಮಕ್ಕಳೇ ಗುರುತಿಸಿದರು. ಕಬ್ಬನ್ನು ಸೀಳಿದಾಗ ಭ್ರೂಣ ಸಿಗಲಿಲ್ಲ. ಗೆಣ್ಣಿನ ಮೇಲೆ ಕಣ್ಣು, ಅಂದರೆ ಮೊಗ್ಗು ಮಾತ್ರ ಇತ್ತು. ಎರಡು ವಾರ ಮೊದಲೇ ಮಣ್ಣಿನಲ್ಲಿ ನೆಟ್ಟಿದ್ದ ಇನ್ನೊಂದು ತುಂಡನ್ನು ತೋರಿಸಿದೆ. ಚಿಗುರು ಆ ಕಣ್ಣಿನಿಂದಲೇ ಹೊರಟಿತ್ತು.

ಕಬ್ಬಿನ ಹೊಲ ಇರುವ ಮನೆಯ ಹುಡುಗಿಯೊಬ್ಬಳು, "ಮತ್ತೆ ಕಬ್ಬಿಗೂ ಸೂಲಂಗಿ ಬರ್ತದಲ್ಲ ಮಿಸ್?" ಎಂದಳು. ಒಳ್ಳೆಯ ಪ್ರಶ್ನೆ. ಕಬ್ಬು ಹೂ ಬಿಡುತ್ತದೆ, ಅದರಲ್ಲಿ ಅತಿ ಸಣ್ಣ ನಿಜವಾದ ಬೀಜವೂ ಆಗಬಹುದು. ಆದರೆ ರೈತರು ನಾಟಿಗೆ ಅದನ್ನು ಬಳಸುವುದಿಲ್ಲ. ಏಕೆ ಎಂಬುದಕ್ಕೆ ಆಮೇಲೆ ಬರೋಣ ಎಂದು ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ವಿವರಣೆ: ಕಣ್ಣಿನಿಂದ ಚಿಗುರು ಬರಬೇಕಾದರೆ ಅಲ್ಲಿನ ಕೋಶಗಳು ಹೆಚ್ಚಾಗಬೇಕು. ಹೇಗೆ? ಇದಕ್ಕೆ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಬಳಸಿದೆ. ಈರುಳ್ಳಿಯ ಬುಡವನ್ನು ಮೂರು ನಾಲ್ಕು ದಿನ ನೀರಿಗೆ ತಾಗಿಸಿಟ್ಟು ಬೇರು ಬರಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಸ್ಲೈಡನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ತಯಾರಿಸಿದ್ದೆ. ಆಮ್ಲ ಬಳಸುವ ಹಂತ ಇರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಲಿಲ್ಲ. "ಹೆಚ್ಚಿನವು ಒಂದೇ ಥರ ಕಾಣ್ತಾವೆ" ಎಂದು ಮಕ್ಕಳು ಬೇಸರಪಟ್ಟರು. ಹೆಚ್ಚಿನ ಕೋಶಗಳು ವಿಭಜನೆಗೆ ಮುಂಚಿನ ಸಿದ್ಧತೆಯ ಹಂತದಲ್ಲಿರುತ್ತವೆ, ಹುಡುಕಬೇಕು ಎಂಬುದನ್ನು ಮೊದಲೇ ಹೇಳಬೇಕಿತ್ತು.

ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳಿವೆ. ವಿಭಜನೆಗೆ ಮುಂಚೆ ಡಿಎನ್‌ಎ ಎರಡಾಗುತ್ತದೆ, ಆದ್ದರಿಂದ ಪ್ರತಿ ವರ್ಣತಂತುವಿನಲ್ಲಿ ಎರಡು ಎಳೆಗಳಿರುತ್ತವೆ. ಪ್ರೊಫೇಸ್‌ನಲ್ಲಿ ಅವು ದಪ್ಪಗಾಗಿ ಕಾಣಿಸುತ್ತವೆ. ಮೆಟಾಫೇಸ್‌ನಲ್ಲಿ ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಅನಾಫೇಸ್‌ನಲ್ಲಿ ಎಳೆಗಳು ಬೇರ್ಪಟ್ಟು ಎರಡು ಬದಿಗೆ ಸರಿಯುತ್ತವೆ. ಟೀಲೊಫೇಸ್‌ನಲ್ಲಿ ಎರಡು ಕೋಶಕೇಂದ್ರಗಳಾಗುತ್ತವೆ. ಎರಡರಲ್ಲೂ ಅದೇ 16. ನಾಲ್ಕು ಬಣ್ಣದ ಉಲ್ಲನ್ ದಾರಗಳನ್ನು ಜೋಡಿ ಮಾಡಿ ಮಕ್ಕಳಿಂದಲೇ ಇದನ್ನು ಮಾಡಿಸಿದೆ. ಕೊನೆಗೆ ಎರಡೂ ಕಡೆ ಅವೇ ನಾಲ್ಕು ಬಣ್ಣಗಳು ಸಿಕ್ಕಾಗ, 'ಮೈಟಾಸಿಸ್ ಎಂದರೆ ನಕಲು ಮಾಡಿ ಹಂಚುವುದು' ಎಂಬ ಮಾತು ಅವರಿಂದಲೇ ಬಂತು.

ಇಲ್ಲಿ ಮೂರು ವ್ಯತ್ಯಾಸಗಳನ್ನು ಸ್ಪಷ್ಟಪಡಿಸಬೇಕು.
1. ಬೇರಿನ ತುದಿಯಲ್ಲಿ ಮೈಟಾಸಿಸ್ ನಡೆದರೆ ಅದು ಬೆಳವಣಿಗೆ. ನೆಟ್ಟ ಕಬ್ಬಿನ ಕಣ್ಣಿನಲ್ಲಿ ಅದೇ ವಿಭಜನೆ ಹೊಸ ಗಿಡಕ್ಕೆ ಕಾರಣವಾದರೆ ಅದು ಸಂತಾನೋತ್ಪತ್ತಿ.
2. ಅಮೀಬಾದಂಥ ಏಕಕೋಶ ಜೀವಿಯಲ್ಲಿ ಕೋಶ ವಿಭಜನೆಯೇ ಸಂತಾನೋತ್ಪತ್ತಿ. ಯೀಸ್ಟ್‌ನಲ್ಲಿ ಸಣ್ಣ ಮೊಗ್ಗಾಗಿ ಹೊರಬಂದು ಬೇರೆಯಾಗುತ್ತದೆ.
3. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವಿಲ್ಲ. ಅವು ದ್ವಿವಿದಳನದಿಂದ ಹೆಚ್ಚುತ್ತವೆ, ಅದನ್ನು ಮೈಟಾಸಿಸ್ ಎನ್ನುವಂತಿಲ್ಲ. ನಮ್ಮೂರ ದೋಸೆ ಹಿಟ್ಟು ರಾತ್ರಿ ಕಳೆಯುವುದರೊಳಗೆ ಹುಳಿಯಾಗಿ ಉಬ್ಬುವುದು ಇಂಥ ಬ್ಯಾಕ್ಟೀರಿಯಾಗಳು ಹೆಚ್ಚುವುದರಿಂದ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲ ವಿಭಜನೆಯಾದರೆ 1,024 ಎಂಬ ಲೆಕ್ಕವನ್ನು ಮಕ್ಕಳೇ ಮಾಡಿದರು.

ವಿಸ್ತರಣೆ: ಎರಡನೆಯ ತರಗತಿಯಲ್ಲಿ ಒಂದೇ ಪ್ರಶ್ನೆ ಇಟ್ಟೆ. "ಮೆಕ್ಕೆಜೋಳದ ಬೀಜವನ್ನು ಮನೆಯವರು ಪ್ರತಿ ವರ್ಷ ಅಂಗಡಿಯಿಂದ ತರುತ್ತಾರೆ. ಕಬ್ಬಿಗೆ ಮಾತ್ರ ಹೊಲದ್ದನ್ನೇ ಕಡಿದು ಹಾಕಬಹುದು, ಕೂಳೆಯನ್ನೂ ಬಿಡಬಹುದು. ಯಾಕೆ?" ಇಡೀ ತರಗತಿ ಮಾತಾಡಿದ್ದು ಇಲ್ಲಿಯೇ.

ಮೆಕ್ಕೆಜೋಳದ ಕೋಶದಲ್ಲಿ 20 ವರ್ಣತಂತುಗಳು. ಪರಾಗದಿಂದ 10, ಅಂಡದಿಂದ 10 ಬಂದು ಕಾಳು ಆಗುತ್ತದೆ. ಅಂಗಡಿಯ ಹೈಬ್ರಿಡ್ ಬೀಜ ಎರಡು ಆಯ್ದ ತಳಿಗಳ ಸಂಕರ. ಅದನ್ನು ಬೆಳೆದು ಬಂದ ಕಾಳನ್ನೇ ಮತ್ತೆ ಬಿತ್ತಿದರೆ ಗುಣಗಳು ಬೇರೆ ಬೇರೆಯಾಗಿ ಹಂಚಿಹೋಗಿ ಬೆಳೆ ಒಂದೇ ಸಮ ಬರುವುದಿಲ್ಲ, ಇಳುವರಿಯೂ ತಗ್ಗುತ್ತದೆ. ಕಬ್ಬಿನ ಕಣ್ಣಿನಲ್ಲಿ ಈ ಬೆರಕೆ ಇಲ್ಲ. ತಾಯಿಗಿಡದ ಗುಣವೇ ಮುಂದುವರಿಯುತ್ತದೆ.

ಹಾಗಾದರೆ ಹೊಸ ಕಬ್ಬಿನ ತಳಿ ಎಲ್ಲಿಂದ? ಮೂಲೆಯಲ್ಲಿ ಬರೆದಿಟ್ಟ ಸೂಲಂಗಿಯ ಪ್ರಶ್ನೆಗೆ ಈಗ ಉತ್ತರ ಬಂತು. 1912ರಲ್ಲಿ ಸ್ಥಾಪನೆಯಾದ ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯಲ್ಲಿ ವಿಜ್ಞಾನಿಗಳು ಕಬ್ಬಿನ ಹೂಗಳನ್ನೇ ಸಂಕರಗೊಳಿಸಿ, ಬಂದ ಸಸಿಗಳಲ್ಲಿ ಆಯ್ಕೆ ಮಾಡುತ್ತಾರೆ. ನಮ್ಮ ರಾಜ್ಯದಲ್ಲೂ ಬೆಳೆಯುವ ಸಿಒ 86032 ಅಲ್ಲಿಯದೇ. ಹೊಸ ಗುಣ ಹುಡುಕಲು ಲೈಂಗಿಕ ವಿಧಾನ, ಸಿಕ್ಕ ಗುಣ ಉಳಿಸಿಕೊಳ್ಳಲು ಅಲೈಂಗಿಕ ವಿಧಾನ.

ನಕಲಿನ ಅಪಾಯವನ್ನೂ ಹೇಳಬೇಕು. ಎಲ್ಲ ಗಿಡಗಳ ಗುಣ ಒಂದೇ ಆದರೆ ದೌರ್ಬಲ್ಯವೂ ಒಂದೇ. ಉತ್ತರ ಪ್ರದೇಶದಲ್ಲಿ ಬಹಳ ವ್ಯಾಪಕವಾಗಿದ್ದ ಸಿಒ 0238 ತಳಿ ಕೆಂಪು ಕೊಳೆ ರೋಗಕ್ಕೆ ತುತ್ತಾಯಿತು. ಕಂದಿನಿಂದ ಬೆಳೆಸುವ ನಂಜನಗೂಡು ರಸಬಾಳೆ ಪನಾಮ ಸೊರಗು ರೋಗದಿಂದ ಬಹಳ ಕಡಿಮೆಯಾಗಿದೆ. ರೋಗ ಇರುವ ತುಂಡು ಅಥವಾ ಕಂದು ನೆಟ್ಟರೆ ರೋಗವೂ ಜೊತೆಗೆ ಹೊಸ ಹೊಲಕ್ಕೆ ಹೋಗುತ್ತದೆ. ಆರೋಗ್ಯವಂತ ಬೆಳೆಯಿಂದಲೇ ಬಿತ್ತನೆ ಕಬ್ಬು ಆರಿಸಬೇಕೆನ್ನುವುದು ಇದಕ್ಕೇ.

ಮೌಲ್ಯಮಾಪನ

1. ನಿಮ್ಮ ಮನೆಯಲ್ಲಿ 'ಬೀಜ' ಎನ್ನುವ ಐದು ವಸ್ತುಗಳನ್ನು ಪಟ್ಟಿ ಮಾಡಿ. ಯಾವುವು ನಿಜವಾದ ಬೀಜಗಳು? ಕಾರಣ ಕೊಡಿ.
2. ಒಂದೇ ಕಬ್ಬಿನ ತುಂಡುಗಳನ್ನು ಭದ್ರಾ ಕಾಲುವೆಯ ಮೇಲ್ಭಾಗದಲ್ಲೂ ನೀರು ಸರಿಯಾಗಿ ತಲುಪದ ಕೊನೆಯ ಭಾಗದಲ್ಲೂ ನೆಟ್ಟರೆ ಬೆಳೆ ಒಂದೇ ಥರ ಬರುತ್ತದೆಯೇ?
3. ಅಡಿಕೆ ಸಸಿಯನ್ನು ಬೀಜದ ಕಾಯಿಯಿಂದ ಮಾಡುತ್ತಾರೆ. ಒಂದೇ ಮರದ ಕಾಯಿಗಳಿಂದ ಬಂದ ಸಸಿಗಳು ಪರಸ್ಪರ ಪೂರ್ತಿ ಹೋಲುತ್ತವೆಯೇ?

ಎರಡನೆಯ ಪ್ರಶ್ನೆಗೆ ಹಲವರು 'ಒಂದೇ ಥರ' ಎಂದು ಬರೆದರು. ಅನುವಂಶೀಯ ಗುಣ ಒಂದೇ ಇದ್ದರೂ ನೀರು, ಗೊಬ್ಬರ, ಮಣ್ಣಿನಿಂದ ಬೆಳೆ ಬದಲಾಗುತ್ತದೆ. ಡಿಎನ್‌ಎ ನಕಲಾಗುವಾಗಲೂ ಅಪರೂಪಕ್ಕೆ ಸಣ್ಣ ವ್ಯತ್ಯಾಸಗಳು ಆಗುತ್ತವೆ. 'ನಕಲು' ಎಂಬ ಪದವನ್ನು ನಾನೇ ಅತಿಯಾಗಿ ಬಳಸಿದ್ದರ ಫಲ ಇದು. ಮುಂದಿನ ಬಾರಿ ವಿವರಣೆಯ ಹಂತದಲ್ಲೇ ಇದನ್ನು ಸೇರಿಸುತ್ತೇನೆ.

ಹಿನ್ನೋಟ

ಮೊದಲ ಶಾಲೆಯ ಆ ಹುಡುಗ ಹೇಳಿದ್ದು ಅವನ ಮನೆಯ ಭಾಷೆಯಲ್ಲಿ ಸರಿಯೇ ಇತ್ತು. ನಾನು ಅದನ್ನು ತಪ್ಪು ಎಂದೆ, ಏಕೆಂದು ತೋರಿಸಲಿಲ್ಲ. ಪ್ರಾಯೋಗಿಕ ಬೋಧನೆ ಮುಗಿಯುವ ಮುಂಚೆ ಆ ಶಾಲೆಗೆ ಮತ್ತೆ ಹೋಗಿ, ಮೊಳೆತ ಕಬ್ಬಿನ ತುಂಡು ಮತ್ತು ನೆನೆಸಿದ ಅವರೆಕಾಳನ್ನು ಅವನ ಕೈಗೇ ಕೊಟ್ಟೆ. ಬಿಡಿಸಿ ನೋಡಿ, "ಮಿಸ್, ಇದು ಬೀಜ, ಅದು ಬಿತ್ತೋದು" ಎಂದ. ಈ ಘಟಕ ಬೋಧಿಸುವ ಗೆಳೆಯರು ವಿಧಾನಗಳ ಪಟ್ಟಿಗೆ ಹೋಗುವ ಮೊದಲು, ಮಕ್ಕಳ ಮನೆಯಲ್ಲಿ ಯಾವುದಕ್ಕೆಲ್ಲ 'ಬೀಜ' ಎನ್ನುತ್ತಾರೆಂದು ಕೇಳಿಕೊಂಡೇ ಪಾಠ ಆರಂಭಿಸಬೇಕೆಂದು ನನ್ನ ಸಲಹೆ.