ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಠಾಣೆಯಿಂದ ಏಳಬೇಡಿ

ಹಳದೀಪುರದ ಮನೆಯೊಂದರಲ್ಲಿ ಒಣಗಿಸಿ ಕಟ್ಟಿಟ್ಟ ಅಡಿಕೆ ಮೂಟೆ ರಾತ್ರಿ ಕಳುವಾಯಿತು ಎಂದಿಟ್ಟುಕೊಳ್ಳಿ. ‘ಹೋದದ್ದು ಹೋಯಿತು, ಠಾಣೆ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು’ ಎಂದು ಮನೆಯವರು ಸುಮ್ಮನಾದರೆ ಆ ಕಳವು ಸರ್ಕಾರದ ಲೆಕ್ಕಕ್ಕೇ ಸೇರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರ್ಷವರ್ಷ ಪ್ರಕಟಿಸುವ ಅಂಕಿಅಂಶ ಠಾಣೆಗಳಲ್ಲಿ ದಾಖಲಾದ ಪ್ರಕರಣಗಳದ್ದು ಮಾತ್ರ. ಅದರಲ್ಲೂ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ, ಹೆಚ್ಚು ಶಿಕ್ಷೆಯದ್ದೊಂದೇ ಎಣಿಕೆಗೆ ಬರುತ್ತದೆ. ಅಪರಾಧ ಎಲ್ಲಿ ಹೆಚ್ಚುತ್ತಿದೆ, ತಡೆಯುವುದು ಹೇಗೆ ಎಂದು ಅಧ್ಯಯನ ಮಾಡುವವರು ಮೊದಲು ತೆರೆಯುವುದು ಈ ಲೆಕ್ಕವನ್ನೇ. ದೂರು ಕೊಡದ ಊರಿಗೆ ರಾತ್ರಿ ಗಸ್ತು ಹೆಚ್ಚಿಸಿ ಎಂದು ಕೇಳಲು ಆಧಾರವೇ ಇರುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ದೂರುದಾರರ ಕೈ ಬಲಪಡಿಸಿದೆ. ಬಾಯಿಮಾತಿನಲ್ಲಿ ಹೇಳಿದರೂ ಠಾಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಎಫ್‌ಐಆರ್ ಪ್ರತಿ ಉಚಿತ. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ‘ಇದು ನಮ್ಮ ಸರಹದ್ದಲ್ಲ’ ಎಂದು ಕಳಿಸುವಂತಿಲ್ಲ: ಭಟ್ಕಳದಲ್ಲಿ ಸರ ಕಿತ್ತುಕೊಂಡು ಹೋದ ಪ್ರಕರಣಕ್ಕೆ ಹೊನ್ನಾವರದಲ್ಲೋ ಕುಮಟಾದಲ್ಲೋ ದೂರು ಕೊಡಬಹುದು. ಅದೇ ಜೀರೊ ಎಫ್‌ಐಆರ್.

ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಹೊಸ ಸಂಹಿತೆ ಒಂದು ಸಡಿಲಿಕೆ ಕೊಟ್ಟಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ನನಗೆ ಇದು ಆತಂಕದ ವಿಷಯ. ಆ 14 ದಿನಗಳಲ್ಲಿ ದೂರುದಾರರ ಮೇಲೆ ರಾಜಿಯ ಒತ್ತಡ ಬರಬಹುದು. ಮನೆಯೊಳಗಿನ ಕಳವಿಗೆ ಏಳು ವರ್ಷದವರೆಗೆ ಶಿಕ್ಷೆ ಇರುವುದರಿಂದ ಅಡಿಕೆ ಮೂಟೆಯ ದೂರಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ಬರೀ ಹಿಂಬರಹ ಕೊಟ್ಟು ಕಳಿಸಿದರೆ ಅಲ್ಲಿಗೇ ಬಿಡಬೇಡಿ. ದೂರಿನ ಸಾರಾಂಶವನ್ನು ಕಾರವಾರದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸವಾಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ತನಿಖೆಗೆ ಆದೇಶಿಸುವ ಅಧಿಕಾರ 175ನೇ ಕಲಮಿನಡಿ ಅವರಿಗಿದೆ.

ಎಫ್‌ಐಆರ್ ಆದ ಮೇಲೂ ಹಕ್ಕು ಮುಗಿಯುವುದಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು. ಸಾಕ್ಷಿ ಹೇಳಲು ಮಹಿಳೆಯರನ್ನು, 15 ವರ್ಷದೊಳಗಿನ, 60 ದಾಟಿದ ಗಂಡಸರನ್ನು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಬ್ಯಾಂಕ್ ಖಾತೆಯ ಹಣ ಮೋಸದಿಂದ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ವಕೀಲರ ಫೀಸಿಗೆ ಹೆದರಿ ಹಿಂಜರಿಯುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಹೊನ್ನಾವರದ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ. ಆದಾಯ ಎಷ್ಟೇ ಇರಲಿ, ನಿಮಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100.