ಹತ್ತದ ದೀಪಕ್ಕೆ ಏಳು ಸೂತ್ರ

ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡೇ ದಿನ ಉಳಿದಾಗ ಎಲೆಕ್ಟ್ರಾನಿಕ್ಸ್ ನೆನಪಾಗುವ ಮೇಷ್ಟ್ರುಗಳಿಗೆ ಥರ್ಮೋಕೋಲ್ ಸಾಕು. ವಾರಕ್ಕೊಂದು ಪೀರಿಯಡ್ ಕೊಡಬಲ್ಲವರು ಮುಂದೆ ಓದಿ.

1. ಮೂರು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದರೆ 4.5 ವೋಲ್ಟ್. ಶಾಲೆಗೆ ಇಷ್ಟು ಧಾರಾಳ. ಗೋಡೆಯ 230 ವೋಲ್ಟ್ ಕಡೆ ಮಕ್ಕಳ ಕೈ ಹೋಗಕೂಡದು. ಚಾರ್ಜರ್ ಬಿಚ್ಚಿ ನೋಡೋಣ ಎನ್ನುವ ಜಾಣ ಪ್ರತಿ ಕ್ಲಾಸಿನಲ್ಲೂ ಒಬ್ಬನಿರುತ್ತಾನೆ, ಅವನ ಮೇಲೊಂದು ಕಣ್ಣಿರಲಿ.

2. ಮೊದಲ ಪಾಠ ಒಂದು ಎಲ್‌ಇಡಿ ಹತ್ತಿಸುವುದು. ರೆಸಿಸ್ಟರ್ ಕೊಡುವ ಮೊದಲು ಲೆಕ್ಕ ಮಾಡಿಸಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 2.5 ರೆಸಿಸ್ಟರ್ ಪಾಲು. 220 ಓಮ್ ಹಾಕಿದರೆ ಹರಿಯುವುದು ಸುಮಾರು 11 ಮಿಲಿಆಂಪಿಯರ್. ಅದರ ಪಟ್ಟೆಗಳು ಕೆಂಪು, ಕೆಂಪು, ಕಂದು. ಓಮ್ ನಿಯಮ ಪರೀಕ್ಷೆಗಲ್ಲದೆ ಬೇರೆ ಕೆಲಸಕ್ಕೂ ಬರುತ್ತದೆಂದು ಹುಡುಗರಿಗೆ ತಿಳಿಯುವುದು ಇಲ್ಲೇ.

3. ಹಳೆಯ ಬ್ರೆಡ್‌ಬೋರ್ಡ್ ಒಂದನ್ನು ಬಲಿ ಕೊಡಿ. ಹಿಂದಿನ ಅಂಟುಹಾಳೆ ಕಿತ್ತರೆ ಐದೈದು ತೂತುಗಳನ್ನು ಕೂಡಿಸುವ ಲೋಹದ ಪಟ್ಟಿಗಳು ಕಾಣುತ್ತವೆ. ಎಲ್‌ಇಡಿಯ ಎರಡೂ ಕಾಲನ್ನು ಒಂದೇ ಸಾಲಿಗೆ ಚುಚ್ಚಿ "ಸಾರ್, ಹತ್ತುತ್ತಿಲ್ಲ" ಎನ್ನುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

4. ಹತ್ತದಿದ್ದರೆ ಮೇಷ್ಟ್ರು ಕೈ ಹಾಕಬಾರದು. ಮೊದಲ ವರ್ಷ ನಾನು ಬೆಂಚಿನಿಂದ ಬೆಂಚಿಗೆ ಓಡಿ ಎಲ್ಲರದನ್ನೂ ಸರಿಮಾಡಿದೆ. ದೀಪಗಳೇನೋ ಹತ್ತಿದವು, ಕಲಿತವನು ನಾನೊಬ್ಬನೇ. ಈಗ ಕರಿಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದಿಡುತ್ತೇನೆ: ಸೆಲ್‌ನಲ್ಲಿ ವೋಲ್ಟ್ ಇದೆಯೇ? ಎಲ್‌ಇಡಿಯ ಉದ್ದನೆಯ ಕಾಲು ಪ್ಲಸ್ ಕಡೆಗಿದೆಯೇ? ಸಾಲು ಸರಿಯೇ? ವೈರ್ ಒಳಗೆ ತುಂಡಾಗಿದೆಯೇ? ಕೊನೆಯದಕ್ಕೆ ಮಲ್ಟಿಮೀಟರಿನ "ಬೀಪ್" ಉತ್ತರ ಹೇಳುತ್ತದೆ. ಸಿಕ್ಕ ತಪ್ಪನ್ನು ಪ್ರತಿ ಜೋಡಿಯೂ ತನ್ನ "ತಪ್ಪಿನ ಪುಸ್ತಕ"ದಲ್ಲಿ ಬರೆಯಬೇಕು. ಒಮ್ಮೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಪೀರಿಯಡ್ ಹುಡುಕಿ, ಸೆಲ್ ಹೋಲ್ಡರಿನ ತುಕ್ಕು ಹಿಡಿದ ಸ್ಪ್ರಿಂಗನ್ನು ಪತ್ತೆಮಾಡಿದಳು. ಮುಂದಿನ ವಾರದಿಂದ ಎಲ್ಲರೂ ನನ್ನನ್ನು ಬಿಟ್ಟು ಅವಳನ್ನೇ ಕರೆಯತೊಡಗಿದರು. ನನಗೆ ಚೂರು ಹೊಟ್ಟೆಕಿಚ್ಚಾದದ್ದೂ ನಿಜ.

5. ಮುಂದಿನ ಮೆಟ್ಟಿಲು, ಕತ್ತಲಾದರೆ ತಾನೇ ಹತ್ತುವ ದೀಪ. ಬೇಕಾದದ್ದು ಬೆಳಕಿಗೆ ಸ್ಪಂದಿಸುವ ಒಂದು ಎಲ್‌ಡಿಆರ್, ಒಂದು ಬಿಸಿ 547 ಟ್ರಾನ್ಸಿಸ್ಟರ್. ಪ್ಲಸ್‌ನಿಂದ ಬೇಸ್‌ಗೆ 100 ಕಿಲೋಓಮ್, ಬೇಸ್‌ನಿಂದ ಮೈನಸ್‌ಗೆ ಎಲ್‌ಡಿಆರ್, ಎಮಿಟರ್ ನೇರ ಮೈನಸ್‌ಗೆ. ಪ್ಲಸ್ ಮತ್ತು ಕಲೆಕ್ಟರ್ ನಡುವೆ ಹಳೆಯ 220 ಓಮ್, ಎಲ್‌ಇಡಿ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಕ್ಕೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಹೆಸರು ಬಿಸಿಯಾದರೂ ಮುಟ್ಟಿದಾಗ ಬಿಸಿ ತಟ್ಟಿದರೆ ಸೆಲ್ ಕಿತ್ತುಬಿಡಿ, ಎಲ್ಲೋ ಎಡವಟ್ಟಾಗಿದೆ. ಎಲ್‌ಡಿಆರ್ ಮೇಲೆ ಅಂಗೈ ಮುಚ್ಚಿದಾಗ ದೀಪ ಹತ್ತುತ್ತದಲ್ಲ, ಆಗ ಮಕ್ಕಳ ಮುಖ ನೋಡಬೇಕು.

6. ದೀಪ ಮಿಟುಕಿಸುವ 555 ಚಿಪ್‌ಗೆ ಅವಸರ ಬೇಡ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಚಿಪ್ ಅದು, ಇನ್ನೊಂದು ತಿಂಗಳು ಕಾಯುತ್ತದೆ. 1 ಕಿಲೋಓಮ್, 68 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ದೀಪ ಸೆಕೆಂಡಿಗೊಮ್ಮೆ ಮಿಟುಕುತ್ತದೆ. ಕೆಪಾಸಿಟರನ್ನು 100ಕ್ಕೆ ಬದಲಿಸಿ, ಏನಾಗುತ್ತದೆಂದು ಮೊದಲೇ ಊಹಿಸಲು ಹೇಳಿ, ಆಮೇಲೆ ಗಡಿಯಾರ ಹಿಡಿಸಿ. ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ತಿರುಗುಮುರುಗಾದರೆ ಸಿಡಿಯಬಹುದು. ಮೈನಸ್ ಪಟ್ಟೆ ನೋಡದೆ ಸೆಲ್ ಹಾಕಿಸಬೇಡಿ.

7. ಬೆಸುಗೆ ಎಲ್ಲಕ್ಕಿಂತ ಕೊನೆಗೆ, ಬ್ರೆಡ್‌ಬೋರ್ಡಿನಲ್ಲಿ ನಡೆದದ್ದಕ್ಕೆ ಮಾತ್ರ. ಸಾಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಿಟಕಿ ತೆರೆದಿರಲಿ. ಮಾಮೂಲಿ ಬೆಸುಗೆ ತಂತಿಯಲ್ಲಿ ಸೀಸವಿರುತ್ತದೆ, ಬಿಸಿಯೂಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಬಿಡಿಭಾಗಗಳಿಗೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಉಳಿದವರು ಊರಿನ ರೇಡಿಯೋ ರಿಪೇರಿಯವರ ಸ್ನೇಹ ಮಾಡಿಕೊಳ್ಳಿ. ಪ್ರದರ್ಶನದ ದಿನ ಮಾದರಿಯ ಪಕ್ಕದಲ್ಲೇ ತಪ್ಪಿನ ಪುಸ್ತಕವನ್ನೂ ಇಡಿಸಿ. ಜೇಬಿನಲ್ಲಿ ಮೂರು ಹೊಸ ಸೆಲ್ ಇರಲಿ. ಬಿಇಒ ಸಾಹೇಬರು ಬರುವ ಹೊತ್ತಿಗೇ ಹಳೆಯವು ಮುಗಿಯುತ್ತವೆ.